ಮುತ್ಯಾನ ಬ್ಯಾಟರಿ ಕುರ್ಚಿ, ನನ್ನ ವಾಕಿಟಾಕಿ

ಒಂದು ಒಗಟು ಹೇಳ್ತೀನಿ, ಒಡೀರಿ. ಮುತ್ಯಾ ಸುಮ್ನ ಕುಂತಾನ, ಎರಡೂ ಕೈ ತೊಡೀ ಮ್ಯಾಲ ಅದಾವ, ಆದ್ರೂ ಮುತ್ಯಾ ಹೊಂಟಾನ. ಹೊಂಟಿಸಿದವ್ರು ಯಾರು?

ಆಗಂಗಿಲ್ಲ ಬಿಡ್ರಿ, ಶಹಾಪುರದಾಗ ಯಾರಿಗೂ ಆಗಿಲ್ಲ. ಕಾಲು ಸೋತ ನಮ್ಮ ಮುತ್ಯಾಗ, ಅಂದ್ರ ನಮ್ಮಜ್ಜಗ, ಬ್ಯಾಟರಿ ಮ್ಯಾಲ ಓಡೂ ಗಾಲಿ ಕುರ್ಚಿ ಬಂದಾಗಿಂದ ಇಂಥವು ನಡೀತಾನ ಅದಾವ.

೧. ಚಾದಂಗಡಿ

ನಾ ಒಂಬತ್ತನೇ ಇಯತ್ತೆಗೇ ಸಾಲಿ ಬಿಟ್ಟು ಮೈಕ್ ಸೆಟ್ಟಿನವರ ಕಡೆ ಸೇರಿದವ. ಅವರು ಕೈಗೆ ವಾಕಿಟಾಕಿ ಕೊಟ್ಟಾರ. ಒಂದಿನ ಚಾದಂಗಡ್ಯಾಗ ಮುತ್ಯಾನ ಕುರ್ಚಿಗೆ ಆತು ನಿಂತು, ಪೊಲೀಸರ ದನಿ ತೆಗೆದು, "ಹಲೋ ಕಂಟ್ರೋಲ್, ಇಲ್ಲೊಬ್ಬ ಮುದುಕ ಕದ್ದು ಸಕ್ಕರಿ ಚಾ ಕುಡ್ಯಾಕತ್ಯಾನ" ಅಂತ ಬಟನ್ ಒತ್ತಿದೆ. ಕುರ್ಚಿ ಟಣ್ಣಂತ ಜಿಗೀತು. ಚಾ ಎದುರಿದ್ದ ಗೌಡರ ಧೋತರದ ಮ್ಯಾಲ.

"ಬ್ರೇಕ್ ಹಿಡಿಯೋ ಮಾರಾಯಾ!"

"ನಾ ಎಲ್ಲಿ ಬಿಟ್ಟೀನ್ರಿ ಗೌಡ್ರ? ಅದ ಹೊಂಟದ!" ಅಂದ ಮುತ್ಯಾ.

ಗೌಡ್ರು ಧೋತರ ಝಾಡಿಸಿ ಅಂದ್ರು: "ಹಂಗಾದ್ರ ಇನ್ಮ್ಯಾಲ ಚಾ ಅದಕ್ಕ ಕುಡಸು."

೨. ನಿಂಬಿಹಣ್ಣು

ಸುದ್ದಿ ಮುತ್ಯಾನ ಹೆಂಡ್ತಿ, ನಮ್ಮ ಆಯಿ ಕಿವಿಗೆ ಬಿತ್ತು. "ಕುರ್ಚ್ಯಾಗ ಗಾಳಿ ಹೊಕ್ಕದ" ಅಂದಾಕಿನ ಅಬ್ಬೆತುಮಕೂರ ಮಠಕ್ಕ ಹೋಗಿ ವಿಭೂತಿ ತಂದ್ಲು. ಕುರ್ಚಿ ನಡೆಸೂ ಕಡ್ಡಿಗೆ ನಿಂಬಿಹಣ್ಣು, ಮೆಣಸಿನಕಾಯಿ ಸೇರಿಸಿ ಒಂದು ಭಾರೀ ಗೊಂಚಲ ಬಿಗಿದ್ಲು. ಮುತ್ಯಾ ಸ್ವಿಚ್ ಹಾಕ್ಯಾನ, ಗೊಂಚಲ ಭಾರಕ್ಕ ಕಡ್ಡಿ ವಾಲಿ ಕುರ್ಚಿ ಅಂಗಳದಾಗ ಗಾಣದ ಎತ್ತಿನಂಗ ತಿರುಗಾಕತ್ತು.

"ಇನ್ನೊಮ್ಮಿ ತಾನಾಗೇ ಹೋತಂದ್ರ ಎತ್ತಿನ ಸರಪಳಿ ಹಾಕಿ ಬಿಗೀತೀನಿ. ಹೊರಗ ತಿರಗೂದು ಬಂದ್!" ಅಂದ್ಲು ಆಯಿ.

ಮುತ್ಯಾನ ಮಾರಿ ಬಾಡ್ತು. ಕುರ್ಚಿ ಬರೂತನಕ ಪಾಪ, ಹೊಸ್ತಿಲ ದಾಟಿದ್ದಿಲ್ಲ. ಗಾಳಿ ಬಿಡಸಾಕ ಕಟ್ಟಿದ ನಿಂಬಿಹಣ್ಣು ಗಾಳಿಗೇ ಡ್ರೈವರ್ ಆಗಿತ್ತು.

೩. ಯಾದಗಿರಿ ಮೆಕ್ಯಾನಿಕ್

ಯಾದಗಿರಿಯಿಂದ ಮೆಕ್ಯಾನಿಕ್ ಬಂದು ಎಲ್ಲಾ ಬಿಚ್ಚಿ ನೋಡಿದ. "ಮೋಟಾರು ಚೊಲೋ ಅದರಿ. ಬಾಜೂದಾಗ ಯಾರರೇ ವಾಕಿಟಾಕಿ, ವೈರ್ಲೆಸ್ ಒತ್ತಿದ್ರ ಅದರ ಅಲೆ ಕುರ್ಚಿ ತಲಿ ಕೆಡಸ್ತದ. ಅಂಥಾದು ಕಂಡ್ರ ನಿಂತು ಸ್ವಿಚ್ ಬಂದ್ ಮಾಡ್ರಿ."

ನಾ ಸುಮ್ನ ವಾಕಿಟಾಕಿ ಅಂಗಿಯೊಳಗ ಇಳಿಸಿದೆ.

ಮುತ್ಯಾ ಈ ಮಾತು ವೇದ ಮಾಡಿಕೊಂಡ. ಯಾರ ಕೈಯಾಗ ಏನ್ ಕಂಡ್ರೂ ಸ್ವಿಚ್ ಬಂದ್. ಒಮ್ಮಿ ಬಸ್ ಸ್ಟ್ಯಾಂಡ್ ಮುಂದ, ನಟ್ಟನಡು ರೋಡಿನಾಗ ನಿಂತುಬಿಟ್ಟ. ಹಿಂದ ಬಸ್ಸು ಹಾರ್ನ್ ಹೊಡ್ಯಾಕತ್ತು.

"ಸರೀರಿ ಯಜಮಾನ್ರ!" ಅಂದ ಕಿವಿಗೆ ಫೋನ್ ಹಚ್ಚಿದ್ದ ಡ್ರೈವರ್.

"ಮೊದಲ ಆ ಫೋನ್ ಕಿಸೇದಾಗಿಡು. ನಿನ್ನ ಮಾತು ನನ್ನ ಕುರ್ಚಿಗೆ ಕೇಳಸ್ತದ!"

ಬಸ್ಸಿನಾಗಿನ ಮಂದಿ ಚಪ್ಪಾಳಿ ಬಡದ್ರು. ಫೋನ್ ಇಡು ಅಂತ ಅವರು ಡ್ರೈವರ್‌ಗ ಹುಣಸಗಿಯಿಂದ ಹೇಳ್ಕೋತ ಬಂದಿದ್ರಂತ.

೪. ಸುರಪುರದ ಮದವಿ

ಸುರಪುರದಾಗ ಬೀಗರ ಮದವಿ. ಯಾರೋ ದೊಡ್ಡವರು ಬರೂದಿತ್ತು, ವೈರ್ಲೆಸ್ ಹಿಡಿದ ಪೊಲೀಸಪ್ಪ ಮುತ್ಯಾನ ಬಾಜೂಕ ಬಂದು ನಿಂತ. ಮುತ್ಯಾ ಸ್ವಿಚ್ ಕಡೆ ಕೈನ ಒಯ್ಯಲಿಲ್ಲ. ಪೊಲೀಸಪ್ಪ "ಹಲೋ" ಅಂದ. ಕುರ್ಚಿ ಪಂಕ್ತಿ ಸೀಳಿಕೊಂಡು, ಮೂಲಿ ತಿರುಗಿ, ಸೀದಾ ಜಿಲೇಬಿ ಬುಟ್ಟಿ ಮುಂದ ನಿಂತ್ತು. ಸಕ್ಕರಿ ಕಾಯಿಲೆ ಮುತ್ಯಾಗ ಜಿಲೇಬಿ ಬಂದ್.

"ನಾ ಏನ್ ಮಾಡ್ಲೆ? ವೈರ್ಲೆಸ್!" ಅಂದ, ಬಾಯಿ ತುಂಬ.

"ವೈರ್ಲೆಸ್ಸಿಗೆ ಮೂಲಿ ತಿರಗೂದು ಯಾರು ಕಲಿಸಿದ್ರಿ?" ಅಂದ್ಲು ಆಯಿ.

ನಾ ಬಿದ್ದು ಬಿದ್ದು ನಕ್ಕೆ. ಅಂಗಿಯೊಳಗಿನ ವಾಕಿಟಾಕಿ ಆಯಿ ಕಾಲಾಗ ಬಿತ್ತು. ಆಕಿ ನನ್ನ ನೋಡಿದ್ಲು, ಮುತ್ಯಾನ್ನ ನೋಡಿದ್ಲು, ಎತ್ತಿಕೊಂಡು ಬಟನ್ ಒತ್ತಿದ್ಲು. ಕುರ್ಚಿ ಹಿಂದಕ್ಕ ಸರೀತು. ಮತ್ತೊಮ್ಮಿ ಒತ್ತಿದ್ಲು. ಮುತ್ಯಾ ಆಕೀ ಸೆರಗಿನ ತನಕ ಬಂದ.

"ಸರಪಳಿ ಬ್ಯಾಡ, ಎಲ್ಲಿ ಬೇಕಲ್ಲಿ ತಿರಗ್ರಿ. ಲಗಾಮು ನನ್ನ ಕೈಯಾಗದ."

ಸರಪಳಿ ಬಿಟ್ಟದ್ದು ಖರೇ. ಕುರ್ಚಿ ಹಿಂದಕ್ಕ ಬಂದದ್ದು ಮಾತ್ರ ನಾ ಹುಟ್ಟಿಸಿ ಹೇಳಿದ್ದು. ಆಯಿ ಬಟನ್ ಒತ್ತಿದ್ರ ಆಕೀ ಕಡೆ ಬರೂ ಗುಣ ಕುರ್ಚಿಗಿಲ್ಲ. ಮುತ್ಯಾಗಂತೂ ಮದವಿ ಆದಾಗಿಂದ ಇಲ್ಲ.