ಹನ್ನೊಂದು ಸಾಲಿನ ಬ್ಯಾನರ್

ಮೂವತ್ತು ವರ್ಷ ಡ್ರಿಲ್ ಮಾಸ್ತರಿಕೆ ಮಾಡಿದವನಿಗೆ ಒಂದು ಬ್ಯಾನರ್ ಬರೆಸುವುದು ಯಾವ ಮಹಾ ಕೆಲಸ? ಅಣ್ಣನ ಮಗಳು ಸುಧಾಳ ಮದುವೆಯಲ್ಲಿ ನನಗೆ ಒಪ್ಪಿಸಿದ್ದು ಅದೊಂದೇ. ಮದುವೆಯ ಹಾಲ್ ಹಲಬರ್ಗಾ ದಾಟಿ, ಭಾಲ್ಕಿ ಮುಟ್ಟುವ ಮೊದಲು, ಎಡಕ್ಕೆ ಹೊಲಗಳ ನಡುವೆ ಇತ್ತು. ಔರಾದದಿಂದ ಬೀದರ್ ಮೇಲೆ ಬರುವ ಗಂಡಿನವರ ಬಸ್ಸು ಆ ತಿರುವು ತಪ್ಪಬಾರದು.

"ಹಾಲಿನ ಹೆಸರು, ಒಂದು ಬಾಣದ ಗುರುತು. ಅಷ್ಟ ಸಾಕಪಾ," ಎಂದ ಅಣ್ಣ. "ಮುಹೂರ್ತ ಹನ್ನೊಂದೂವರಿಗೆ ಅದ, ನೆನಪಿರಲಿ."

ಅಷ್ಟೇ ಬರೆಸಿದರೆ ಶಿಸ್ತು ಎಲ್ಲಿಂದ ಬಂತು? ಗಾಡಿ ನಿಲ್ಲಿಸುವ ಕ್ರಮ, ಚಪ್ಪಲಿ ಬಿಡುವ ಸ್ಥಳ, ಕೈ ತೊಳೆಯುವ ಜಾಗ, ಮೊದಲ ಪಂಕ್ತಿಗೆ ಯಾರು ಕೂಡಬೇಕು ಎಂಬುದನ್ನೆಲ್ಲ ಹನ್ನೊಂದು ಸಾಲುಗಳಲ್ಲಿ ಬರೆದುಕೊಂಡು ಬೀದರಿನ ಫ್ಲೆಕ್ಸ್ ಅಂಗಡಿಗೆ ಹೋದೆ.

ಅಂಗಡಿಯ ರವೂಫ್‌ಭಾಯಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ತಲೆ ಕೆರೆದುಕೊಂಡರು. "ಹಿಡಸೋದಿಲ್ರಿ ಸರ್. ಐದಾರು ಸಾಲ ತೆಗೀರಿ."

"ಒಂದೂ ತೆಗಿಯೋದಿಲ್ಲ. ಅಕ್ಷರಕ್ಕ ಹೊಟ್ಟಿ ಬಂದದ. ಒಳಗ ಎಳಿಸ್ರಿ."

ಅವರು ದಪ್ಪಗೆ, ಉದ್ದಕ್ಕೆ, ಇಕ್ಕಟ್ಟಾಗಿ ನಿಲ್ಲುವ ಒಂದು ಫಾಂಟ್ ಹುಡುಕಿದರು. "ಇದು ಪೇಪರಿನ ದೊಡ್ಡ ಹೆಡ್ಡಿಂಗಿಗೆ ಮಾಡಿದ್ದು ಸರ್. ಎರಡು ಮೂರು ಶಬ್ದಕ್ಕ ಚಂದ. ಇಷ್ಟು ತುಂಬಿದ್ರ ಒತ್ತಕ್ಷರ ಕೂಡಿಕೊಂಡು ಮಸಿ ಬಳದಂಗ ಕಾಣ್ತದ್ರಿ."

"ಭುಜಕ್ಕ ಭುಜ ತಾಗಿಸಿ ನಿಲ್ಲಿಸ್ರಿ," ಎಂದು ಆಜ್ಞೆ ಕೊಟ್ಟೆ.

ಪರದೆಗೆ ಮೂಗು ತಾಗಿಸಿ ಪರೀಕ್ಷಿಸಿದೆ. ಪ್ರತಿ ಅಕ್ಷರವೂ ಸ್ಪಷ್ಟ. ಓಡುವ ಬಸ್ಸಿನ ಡ್ರೈವರ್ ಬ್ಯಾನರಿಗೆ ಮೂಗು ತಾಗಿಸಲಾರ ಎಂಬುದು ಮಾತ್ರ ಹೊಳೆಯಲಿಲ್ಲ.

ಮದುವೆಯ ದಿನ ಹತ್ತೂ ಮುಕ್ಕಾಲಾದರೂ ಬಸ್ಸಿಲ್ಲ. ಅಣ್ಣ ಬೀಗರಿಗೆ ಫೋನ್ ಹಚ್ಚಿದ.

"ನಾವು ಭಾಲ್ಕಿ ಸ್ಟೇಷನ್ ಮುಂದ ನಿಂತೇವ್ರಿ. ನಿಮ್ಮ ಹಾಲ್ ಎಲ್ಲದ?"

"ತಿರುವಿನಾಗ ಬ್ಯಾನರ್ ಕಾಣಲಿಲ್ಲೇನ್ರಿ?"

"ಬ್ಯಾನರ್ ಇರಲಿಲ್ರಿ. ಯಾರೋ ಕರಿ ಪಟ್ಟಿ ಚಾದರ ಒಣಹಾಕಿದ್ರು."

ಅಣ್ಣ ನನ್ನ ಕಡೆ ನೋಡಿದ. ಬಾಗಿಲಿನಿಂದ ಸುಧಾ ಇಣುಕಿ, "ಕಾಕಾ, ಬಂದ್ರೇನು?" ಎಂದಳು. ಹಾಗೆ ಕೇಳಿದ್ದು ಅದು ಮೂರನೇ ಸಲ.

ಅಡಿಗೆಯವರಿಂದ ಇದ್ದಿಲು ಕಸಿದುಕೊಂಡು, ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ತಿರುವಿಗೆ ಧಾವಿಸಿದೆ. ರಸ್ತೆಯಿಂದ ನೋಡಿದರೆ ಅದು ನಿಜಕ್ಕೂ ಚಾದರವೇ.

"ಇದನ್ನ ಓದಲಿಕ್ಕ ಬಸ್ಸಿನವ್ರೆಲ್ಲ ಇಳಿದು, ಚಸ್ಮಾ ಹಾಕ್ಕೊಂಡು, ಚಾ ಕುಡಕೋತ ನಿಲ್ಲಬೇಕ್ರಿ," ಎಂದಳು ನನ್ನಾಕೆ.

ಬ್ಯಾನರಿನ ಬಿಳಿಯ ಹಿಂಬದಿ ಭಾಲ್ಕಿ ಕಡೆಗೇ ಇತ್ತು. ಅದರ ಮೇಲೆ ಇದ್ದಿಲಿನಿಂದ 'ಮದುವೆ' ಎಂದು ಬರೆದು, ಕೆಳಗೆ ಎಡಕ್ಕೆ ಒಂದು ಬಾಣ ಎಳೆದೆ.

"ಬಸ್ಸು ಈಗ ಭಾಲ್ಕಿ ಕಡಿಂದ ಹೊಳ್ಳಿ ಬರ್ತದಲ್ರಿ. ಬಾಣ ಬಲಕ್ಕ ಬೇಕು," ಎಂದಳು ಅವಳು.

ಅಳಿಸುವಷ್ಟರಲ್ಲಿ ಬಸ್ಸು ಕಂಡೇಬಿಟ್ಟಿತು. ನಡುರಸ್ತೆಗೆ ಹಾರಿ, ಎರಡೂ ಕೈ ಬೀಸುತ್ತ, ಹಾಲಿನ ದಿಕ್ಕಿಗೆ ಜಿಗಿಜಿಗಿದು ತೋರಿಸಿದೆ. ಬಸ್ಸು ನಿಧಾನಿಸಿ, ಸರಿಯಾದ ಕಡೆಗೇ ತಿರುಗಿತು.

ಮುಹೂರ್ತಕ್ಕೆ ನಾಲ್ಕು ನಿಮಿಷ ಮೊದಲು ವರ ಮಂಟಪ ಹತ್ತಿದ. ಕೊರಳಿಗೆ ತಾಳಿ ಬಿದ್ದಿತು. ಸುಧಾ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

ತಲೆಗೆ ರುಮಾಲು ಸುತ್ತಿಸಿಕೊಂಡು ಊಟಕ್ಕೆ ಕುಳಿತೆ. ಪಕ್ಕದ ಎಲೆಗೆ ಬಸ್ಸಿನ ಡ್ರೈವರೇ ಬಂದರು. "ಬಾಣ ಉಲ್ಟಾ ಇದ್ರೂ ಬರೋಬ್ಬರಿ ತಿರುಗಿಸಿದ್ರಿ," ಎಂದು ಮೆಚ್ಚಿಕೊಂಡೆ.

"ಬಾಣ ಯಾರು ನೋಡ್ಯಾರ್ರಿ? ಬರಿತಲಿ ಮುದುಕ ಒಬ್ಬಾಂವ ನಡುರಸ್ತೆದಾಗ ಕುಣಿಲಿಕ್ಕತ್ತಿದ್ದ. ಮೆರವಣಿಗಿ ಶುರು ಆಗ್ಯದ, ಮದುವಿ ಇಲ್ಲೇ ಅದ ಅಂತ ತಿರುಗಿಸಿದೆ." ಆಮೇಲೆ ದನಿ ತಗ್ಗಿಸಿ, "ಮುಂಜಾನಿನೇ ಏರಿಸಿದ್ದನೋ ಏನೋ. ಯಾರ್ರಿ ಅಂವ?"

ಎದುರು ಸಾಲಿನಲ್ಲಿ ಕುಳಿತ ನನ್ನಾಕೆ ಬಾಯಿ ತೆರೆದಳು.

"ಯಾರೋ ದಾರಿಹೋಕ ಇರಬೇಕು," ಎಂದು ಅವಸರದಿಂದ ಹೇಳಿ, ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದೆ.