ಮೇಷ್ಟ್ರ ಮನೆಯ ಸೀರೀಸ್ ಜನರೇಟರ್

"ಊರೆಲ್ಲ ಕತ್ತಲಲ್ಲಿ ಮುಳುಗಲಿ, ನಮ್ಮನೆಯಲ್ಲಿ ಮಾತ್ರ ಇನ್ನು ಕರೆಂಟ್ ಹೋಗಲ್ಲ," ಎಂದು ಮೇಷ್ಟ್ರು ಮೀಸೆ ತಿರುವಿದರು.

ಪಾಲಿಟೆಕ್ನಿಕ್‌ನಲ್ಲಿ ವಿದ್ಯುತ್ ಯಂತ್ರಗಳ ಪಾಠ ಹೇಳುವವರು, ಡಿ.ಸಿ. ಜನರೇಟರ್ ಅವರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಗುಜರಿಯಿಂದ ಒಂದನ್ನು ತಂದು, ಡೀಸೆಲ್ ಎಂಜಿನ್ನಿಗೆ ಬೆಲ್ಟ್ ಹಾಕಿ, ಹಿತ್ತಿಲಲ್ಲಿ ಪ್ರತಿಷ್ಠಾಪಿಸಿದ್ದರು. ಯಾವ ಬಗೆಯದೆಂದು ಬರೆದ ಅದರ ತಗಡಿನ ಫಲಕ ಎಂದೋ ಉದುರಿಹೋಗಿತ್ತು.

"ಇದು ಶಂಟ್ ಜನರೇಟರೇ. ಎಳೆಯೋ ಕರೆಂಟಿನ ಲೋಡ್ ಹೆಚ್ಚಾದರೆ ವೋಲ್ಟೇಜ್ ಒಂಚೂರು ಇಳಿಯತ್ತೆ, ಅಷ್ಟೆ. ಬಿಚ್ಚಿ ನೋಡೋದೆಲ್ಲ ಕಲಿಯೋರ ಕೆಲಸ," ಎಂದುಬಿಟ್ಟಿದ್ದರು.

ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಿತ್ತು. ಆದ್ದರಿಂದ ಮೇಷ್ಟ್ರಿಗೆ ಪ್ರಿನ್ಸಿಪಾಲರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ, ಊಟಕ್ಕೆ ಕರೆದರು. ಆ ಸಂಜೆ ಕರೆಂಟೂ ಹೇಳಿ ಕಳಿಸಿದ ಹಾಗೆ ಹೋಯಿತು. ಮೇಷ್ಟ್ರು ಎಂಜಿನ್ ಓಡಿಸಿ ಒಂದು ಬಲ್ಬ್ ಹಾಕಿದರು. ಅದು ಬೂದಿ ಮುಚ್ಚಿದ ಕೆಂಡದಂತೆ ಮಿಣುಕಿತು.

"ಈ ಬಲ್ಬ್ ಎಲ್ಲಿದೆ ಅಂತ ಹುಡುಕೋಕೆ ಮೇಣದಬತ್ತಿ ತರಲಾ?" ಎಂದಳು ಹೆಂಡತಿ.

ಅವಳು ಮೇಜಿನ ಬಟ್ಟೆ ಇಸ್ತ್ರಿ ಮಾಡಲು ಪೆಟ್ಟಿಗೆಯ ಸ್ವಿಚ್ ಒತ್ತಿದಳು. ಬಲ್ಬ್ ಧಗ್ಗನೆ ಬೆಳಗಿತು. ಆರಿಸಿದಳು, ಮಂಕಾಯಿತು. ಹಾಕಿದಳು, ಬೆಳಗಿತು.

"ರೀ, ಇದು ಕೆಲಸ ಕೊಟ್ಟಷ್ಟೂ ಹುರುಪಾಗತ್ತೆ. ಈ ಮನೆಯಲ್ಲಿ ಇಂಥದ್ದು ಇದೇ ಮೊದಲು."

ಮೇಷ್ಟ್ರಿಗೆ ಆಗ ಹೊಳೆಯಿತು. ಇದು ಸೀರೀಸ್ ಜನರೇಟರ್. ಮನೆ ಎಳೆಯುವ ಕರೆಂಟೆಲ್ಲ ಅದರ ಕಾಂತದ ಸುರುಳಿಯಲ್ಲೇ ಹಾದುಬರುತ್ತದೆ. ಎಳೆದಷ್ಟೂ ಕಾಂತ ಬಲಿಯುತ್ತದೆ, ವೋಲ್ಟೇಜ್ ಏರುತ್ತದೆ. ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

"ಇಸ್ತ್ರಿಪೆಟ್ಟಿಗೆ ಆರಿಸಬೇಡ, ನಿನ್ನ ದಮ್ಮಯ್ಯ," ಎಂದು ಪಿಸುಗುಟ್ಟಿ, ಉಳಿದ ಬಲ್ಬುಗಳನ್ನೂ ಹಾಕಿದರು.

ಪ್ರಿನ್ಸಿಪಾಲರು ಊಟಕ್ಕೆ ಕೂತು, ಪಕ್ಕದಲ್ಲಿ ಕಾದು ನಿಂತಿದ್ದ ಪೆಟ್ಟಿಗೆಯತ್ತ ನೋಡಿದರು.

"ಇದು ಯಾಕಮ್ಮ ಇಲ್ಲಿ?"

"ಅದಿದ್ರೇ ನಿಮಗೆ ತಟ್ಟೆ ಕಾಣೋದು, ಸಾರ್."

ಮೇಷ್ಟ್ರು ನಕ್ಕು ಮಾತು ಮರೆಸಿದರು. ಒಳಗಿದ್ದ ಮೇಷ್ಟ್ರ ಅತ್ತೆಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ. ಅತಿಥಿಗೆ ಕೈತೊಳೆಯಲು ಬಿಸಿನೀರಿರಲಿ ಎಂದು ಆಕೆ ಬಕೆಟ್ಟಿಗೆ ಹೀಟರ್ ಇಳಿಬಿಟ್ಟು ಸ್ವಿಚ್ ಒತ್ತಿದರು. ಹಿತ್ತಿಲಲ್ಲಿ ಜನರೇಟರಿಗೆ ಆವೇಶ ಬಂತು. ಮನೆ ಮದುವೆಮನೆಯಂತೆ ಝಗಮಗಿಸಿತು. ಮರುಕ್ಷಣ ಟಪ್, ಟಪ್, ಟಪ್ ಎಂದು ಬಲ್ಬುಗಳೆಲ್ಲ ಪ್ರಾಣಬಿಟ್ಟವು. ಬೆಲ್ಟ್ ಹರಿಯಿತು. ಎಂಜಿನ್ ಒಂಟಿಯಾಗಿ ಅರಚತೊಡಗಿತು.

ಮೇಷ್ಟ್ರು ತಡವರಿಸುತ್ತ ಹೋಗಿ ಅದನ್ನು ನಿಲ್ಲಿಸಿ ಬಂದರು. ಕತ್ತಲಲ್ಲಿ ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು.

"ಮುಖ್ಯಸ್ಥರ ಕೆಲಸದಲ್ಲಿ ಲೋಡ್ ಬಹಳ, ಮೇಷ್ಟ್ರೇ. ಸದ್ಯಕ್ಕೆ ನೀವು ನೋ-ಲೋಡ್‌ನಲ್ಲೇ ತಿರುಗ್ತಾ ಇರಿ."