ದೇಶದ ಅತಿ ಸಾಧಾರಣ ಪ್ರಜೆ

2024ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 9 ಗಂಟೆ 12 ನಿಮಿಷಕ್ಕೆ ಅಂಕಿಅಂಶ ಇಲಾಖೆಯ ಮೂರನೇ ಮಹಡಿಯಲ್ಲಿ ಒಂದು ಸೊನ್ನೆ ಹುಟ್ಟಿತು. ಅದನ್ನು ಹೆತ್ತ ವಿಶ್ಲೇಷಕ ಕುರ್ಚಿಯಿಂದ ಎದ್ದು, ಮತ್ತೆ ಕೂತು, ಕನ್ನಡಕ ಒರೆಸಿಕೊಂಡ. ಸೊನ್ನೆ ಅಲ್ಲೇ ಇತ್ತು.

ಜನ ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ, ಯಾರನ್ನು ನಂಬುತ್ತಾರೆ, ಮನೆಗೆಲಸ ಯಾರ ಪಾಲಿಗೆ ಸೇರಿದ್ದು ಅನ್ನುತ್ತಾರೆ ಎಂದೆಲ್ಲ ಇಲಾಖೆ ದೇಶದ ನಲವತ್ತು ಸಾವಿರ ಮನೆಗಳಲ್ಲಿ ಕೇಳಿಕೊಂಡು ಬಂದಿತ್ತು. ಪ್ರತಿಯೊಬ್ಬರೂ ದೇಶದ ಸರಾಸರಿಯಿಂದ ಎಷ್ಟು ದೂರದಲ್ಲಿದ್ದಾರೆ ಎಂದು ವಿಶ್ಲೇಷಕ ಅಳೆದಿದ್ದ. ಎಲ್ಲರೂ ಅಷ್ಟೋ ಇಷ್ಟೋ ಆಚೀಚೆ. ಒಬ್ಬರದು ಮಾತ್ರ ಸೊನ್ನೆ. ನೂರಾರು ಪ್ರಶ್ನೆಗಳಲ್ಲಿ ಒಂದರಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ.

ವಿಜ್ಞಾನ ಓದಿದವನಿಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ಅದು ಬಾಗಿಲು ದಾಟುವಷ್ಟರಲ್ಲಿ ನಿರ್ದೇಶಕರು ಒಳಗೆ ಬಂದುಬಿಟ್ಟರು.

"ಅಂದ್ರೆ ಇಡೀ ದೇಶ ಒಂದೇ ಮನುಷ್ಯನೊಳಗೆ ಸಿಕ್ಕಿದೆ ಅನ್ನಿ."

"ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕು ಸರ್."

"ಮಾಡಿ, ನಿಧಾನಕ್ಕೆ ಮಾಡಿ. ಸಚಿವರಿಗೆ ನಾನಾಗಲೇ ಹೇಳಾಯ್ತು. ಟೀವಿಯೋರು ಕೆಳಗಿದ್ದಾರೆ." ನಿರ್ದೇಶಕರು ದನಿ ತಗ್ಗಿಸಿದರು. "ಕಿಟಕಿ ಪಕ್ಕದ ಮುಖ್ಯಸ್ಥರ ಕುರ್ಚಿ ಖಾಲಿ ಇದೆಯಲ್ಲ, ಸಂಜೆಗೆ ಖಾಲಿ ಇರಲ್ಲ."

ವಿಶ್ಲೇಷಕನ ಮೇಜು ಶೌಚಾಲಯದ ಗೋಡೆಗೆ ಮುಖ ಮಾಡಿತ್ತು. ಆ ಕುರ್ಚಿಯನ್ನು ಅವನು ವರ್ಷಗಳಿಂದ, ಹಸಿದವನು ಹೋಟೆಲಿನ ಗಾಜಿನಾಚೆ ಕಣ್ಣು ಹಾಯಿಸುವ ಹಾಗೆ ನೋಡುತ್ತಿದ್ದ. ಅನುಮಾನ ಬಂದ ದಾರಿಯಲ್ಲೇ ವಾಪಸಾಯಿತು.

ಉತ್ತರ ಕೊಟ್ಟವರ ಹೆಸರು, ವಿಳಾಸ ವಿಶ್ಲೇಷಕರಿಗೆ ಗೊತ್ತಾಗಬಾರದೆಂಬುದು ಇಲಾಖೆಯ ಕಟ್ಟುನಿಟ್ಟು. ಹಾಗಾಗಿ ಸಮೀಕ್ಷೆಗೆಂದು ಆ ಸೊನ್ನೆಯ ಮನೆಗೆ ಹೋಗಿಬಂದಿದ್ದ ಗಣತಿಯವನೇ ವ್ಯಾನಿನ ಮುಂದೆ ಕೂತು ದಾರಿ ಹೇಳಿದ. ವಿಶ್ಲೇಷಕ, ನಿರ್ದೇಶಕರು, ಟೀವಿ ವರದಿಗಾರ್ತಿ ಹಿಂದೆ ಕೂತರು. ವ್ಯಾನು ತನ್ನ ಬೀದಿಗೇ ತಿರುಗಿದಾಗ ವಿಶ್ಲೇಷಕನಿಗೆ ಹಿಗ್ಗು. ನೋಡಲಿ, ಅಕ್ಕಪಕ್ಕದವರೂ ನೋಡಲಿ. ವ್ಯಾನು ಅವನ ಮನೆಯ ಮುಂದೆಯೇ ನಿಂತಾಗ ಅವನು ಎಲ್ಲರಿಗಿಂತ ಕೊನೆಗೆ ಇಳಿದ.

ಪಕ್ಕದ ಮನೆಯ ದರ್ಜಿ ಸೂಜಿ ಸಮೇತ ಹೊರಬಂದ. "ಏನ್ ಸ್ವಾಮಿ, ಆಫೀಸಿಗೆ ಆಫೀಸೇ ಮನೆಗೆ ಬಂದಿದೆ. ಏನಾದ್ರೂ ಹೆಚ್ಚುಕಮ್ಮಿ ಮಾಡ್ಕೊಂಡ್ರಾ?"

ಬಾಗಿಲು ತೆರೆದವರು ವಿಶ್ಲೇಷಕನ ಅತ್ತೆ.

ಗಣತಿಯವನು ಅವನ ಕಿವಿಗೆ ಬಾಗಿದ. "ಸಾರ್, ಇದು ನಿಮ್ಮನೆ ಅಂತ ಗೊತ್ತಿರ್ಲಿಲ್ಲ. ಈ ಅಮ್ಮ ಅವತ್ತು ನನಗೆ ಹೆಸರು, ವಯಸ್ಸು ಹೇಳಿದ್ದಷ್ಟೇ. 'ನಮ್ಮನೆ ನಿದ್ದೆ ಕಟ್ಕೊಂಡು ನಿಂಗೇನಾಗ್ಬೇಕು' ಅಂತ ಬಾಗಿಲು ಹಾಕಿದ್ರು. ಮಿಕ್ಕಿದ್ದೆಲ್ಲ ಖಾಲಿ ಬಿಟ್ಟಿದ್ದೆ."

ಉತ್ತರ ಸಿಗದ ಜಾಗದಲ್ಲಿ ದೇಶದ ಸರಾಸರಿಯನ್ನೇ ತುಂಬತಕ್ಕದ್ದು ಎಂಬ ನಿಯಮ ವಿಶ್ಲೇಷಕನೇ ಬರೆದದ್ದು. ಒಂದು ಪ್ರಶ್ನೆಗೂ ಬಾಯಿ ಬಿಡದವರು ಆ ನಿಯಮದ ದೆಸೆಯಿಂದ ಇಡೀ ದೇಶದ ಬಾಯಾಗಿಬಿಟ್ಟಿದ್ದರು.

"ಸರ್, ಒಂದು ನಿಮಿಷ..." ಎಂದ.

"ಆಮೇಲೆ," ಎಂದರು ನಿರ್ದೇಶಕರು, ಕ್ಯಾಮರಾಕ್ಕೆ ನಗುತ್ತ.

ವರದಿಗಾರ್ತಿ ಮೈಕು ಹಿಡಿದಳು. "ಅಮ್ಮಾ, ದಿನಕ್ಕೆ ಎಷ್ಟು ಹೊತ್ತು ನಿದ್ದೆ ಮಾಡ್ತೀರಿ?"

"ನಾಲ್ಕು ಗಂಟೆ. ಮಿಕ್ಕಿದ್ದು ಸುಮ್ನೆ ಮಲಗಿರ್ತೀನಿ."

ದೇಶದ ಸರಾಸರಿ ಏಳು. ವಿಶ್ಲೇಷಕ ಕಣ್ಣು ಮುಚ್ಚಿಕೊಂಡ. "ನನಗೂ ಹಾಗೇ ಕಣ್ರೀ," ಎಂದ ದರ್ಜಿ. ಅವನ ಗೊರಕೆಗೆ ವಿಶ್ಲೇಷಕನ ಮನೆಯ ಗೋಡೆ ಗಡಿಯಾರ ಓರೆಯಾಗುತ್ತಿತ್ತು.

"ಯಾರನ್ನ ನಂಬ್ತೀರಿ?"

"ನಾನ್ ಹೇಳಿದ್ ಕೇಳೋರನ್ನ."

ಬೀದಿ ತಲೆದೂಗಿತು. ಒಬ್ಬ ಹೆಂಗಸು "ನಮ್ಮ ಮನಸ್ಸಿನಲ್ಲಿದ್ದದ್ದೇ ಹೇಳಿದ್ರು" ಎಂದು ಪಕ್ಕದವಳ ಭುಜ ಹಿಂಡಿದಳು.

"ಪಾತ್ರೆ ಯಾರು ತೊಳೀಬೇಕು?"

"ಮಗಳು ದುಡೀತಾಳೆ. ನಂಗೆ ಮಂಡಿ ನೋವು. ಮನೇಲಿ ಇನ್ಯಾರು ಉಳೀತಾರೆ, ನೀವೇ ಲೆಕ್ಕ ಹಾಕಮ್ಮ."

ಚಪ್ಪಾಳೆ ಬೀದಿಯ ಆ ತುದಿಗೂ ಹೋಯಿತು. ಮಧ್ಯಾಹ್ನವಿಡೀ ಟೀವಿಯಲ್ಲಿ ಅದೇ ಬಂತು.

ನಾಲ್ಕು ಗಂಟೆಗೆ ವಿಶ್ಲೇಷಕ ನಿರ್ದೇಶಕರ ಕೋಣೆಯಲ್ಲಿ ನಿಂತು ಎಲ್ಲ ಒಪ್ಪಿಸಿದ. ಅವರು ಸುಣ್ಣದಂತಾದರು. "ಈಗ ಏನ್ರೀ ಮಾಡೋದು?"

"ಎರಡು ಸಾವಿರ ಜನಕ್ಕೆ ಫೋನ್ ಮಾಡಿಸಿ ಇವೇ ಪ್ರಶ್ನೆ ಕೇಳೋಣ ಸರ್. ನಮ್ಮತ್ತೆಗೂ ದೇಶಕ್ಕೂ ಸಂಬಂಧ ಇಲ್ಲ ಅಂತ ಅಂಕಿಗಳೇ ಹೇಳ್ಲಿ. ತಪ್ಪು ನಂದು ಅಂತ ನಾನೇ ಬರ್ಕೊಡ್ತೀನಿ." ಕುರ್ಚಿ ಹೋದರೂ ಹೋಗಲಿ, ಲೆಕ್ಕ ಉಳಿಯಲಿ ಎಂದು ಅವನು ಗಟ್ಟಿಮನಸ್ಸು ಮಾಡಿದ್ದ.

ಫೋನುಗಳು ಹೋದವು, ಉತ್ತರಗಳು ಬಂದವು. ಈ ಸಲ ಒಂದು ಜಾಗವೂ ಖಾಲಿ ಇರಲಿಲ್ಲ. ಪ್ರಶ್ನೆ ಮುಗಿಯುವ ಮುಂಚೆಯೇ ಜನ ಉತ್ತರ ಹೇಳುತ್ತಿದ್ದರಂತೆ. ಬೆಳಿಗ್ಗೆಯವರೆಗೆ ಏಳು ಗಂಟೆ ನಿದ್ದೆ ಮಾಡುತ್ತಿದ್ದ ದೇಶ ನಾಲ್ಕಕ್ಕೆ ಇಳಿದಿತ್ತು. ತನ್ನ ಮಾತು ಕೇಳುವವರನ್ನು ಮಾತ್ರ ನಂಬುತ್ತಿತ್ತು. ವಿಶ್ಲೇಷಕ ಲೆಕ್ಕವನ್ನು ತಲೆಕೆಳಗು ಮಾಡಿ ನೋಡಿದ. ಅತ್ತೆ ಸರಾಸರಿಯ ಕಡೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ದೇಶವೇ ಎದ್ದು ಅವರ ಮನೆಗೆ ಹೋಗಿತ್ತು.

ನಿರ್ದೇಶಕರು ಅವನನ್ನು ಅಪ್ಪಿಕೊಂಡರು. "ಗೆದ್ದುಬಿಟ್ರಿ ಕಣ್ರೀ. ಇಷ್ಟು ನಿಖರವಾದ ಸಮೀಕ್ಷೆ ಯಾವ ದೇಶದಲ್ಲೂ ಆಗಿಲ್ಲ ಅಂತ ಸಚಿವರು ಹೇಳಿದ್ರು."

"ಹಾಗಾದ್ರೆ ಆ ಕುರ್ಚಿ ಸರ್?"

"ಅದಾ..." ನಿರ್ದೇಶಕರು ಅವನ ಕಾಲರು ಸರಿಮಾಡಿದರು. "ಇಲಾಖೆಗೆ ಒಬ್ಬರು ಸಲಹೆಗಾರರನ್ನ ನೇಮಿಸ್ಬೇಕಾಯ್ತು. ಅವರಿಗೆ ಬೆಳಕಿರೋ ಜಾಗ ಬೇಕಂತೆ. ಸೋಮವಾರದಿಂದ ನೀವು ಬರ್ತಾ ಅವರನ್ನೂ ಕರ್ಕೊಂಡ್ ಬನ್ನಿ. ಹೇಗೂ ಒಂದೇ ಮನೆ."

ಮನೆಗೆ ಬಂದಾಗ ಅತ್ತೆ ಸೋಫಾದ ಮೇಲೆ ಕಾಲು ಚಾಚಿದ್ದರು. ದರ್ಜಿ ಅವರ ಸೋಮವಾರದ ಕುಪ್ಪಸಕ್ಕೆ ಅಳತೆಪಟ್ಟಿ ಬರೆದುಕೊಳ್ಳುತ್ತಿದ್ದ. ಹೆಂಡತಿ ಟೀವಿ ಮುಂದೆ ಕೂತು ಅಮ್ಮನನ್ನು ಮತ್ತೊಮ್ಮೆ ನೋಡುತ್ತಿದ್ದಳು.

"ಬಂದ್ರಾ? ಸಿಂಕು ತುಂಬಿದೆ ನೋಡಿ," ಎಂದರು ಅತ್ತೆ.

"ಅತ್ತೆ, ಅದು ನಿಮ್ಮೊಬ್ಬರ ಅಭಿಪ್ರಾಯ."

"ನನ್ನೊಬ್ಬಳದೇನಪ್ಪ? ಓದಿದೋರು ನೀವು. ನೋಡಿ ಹೇಳಿ."

ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ವಿಶ್ಲೇಷಕ ಬ್ಯಾಗಿನಿಂದ ಸಂಜೆಯ ಕೋಷ್ಟಕ ತೆಗೆದು ನೋಡಿದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಅಂಗಿಯ ತೋಳು ಮಡಿಸಿಕೊಂಡ. ಪಾತ್ರೆ ತೊಳೆಯಬೇಕಾದವನು ಅಳಿಯ ಎಂದವರು ಶೇಕಡ 91.3.